ಎಡಗಡೆಯ ಹಿಂದಿನ ಚಕ್ರ

ಕ್ಲೆಮ್ ಲಿಂಡ್ನರ್ ನನ್ನ ಟೈರ್ ಅಂಗಡಿಯ ಬಾಗಿಲಲ್ಲಿ ಬಂದು ನಿಂತಾಗ ಅವನ ಮುಂಗೈ ಮೇಲೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಬೇಕರಿಯಿಂದ ನೇರ ಬಂದಿದ್ದ. ನಾನು ಟ್ರಾಕ್ಟರಿನ ದೊಡ್ಡ ಟೈರೊಂದರೊಳಗೆ ಸೊಂಟದವರೆಗೆ ತೂರಿಕೊಂಡಿದ್ದೆ. ಹೆಂಗಸೊಬ್ಬಳು ಗಂಡಸಿನ ಕಣ್ಣಿಗೆ ಬೀಳಬೇಕಾದ ಭಂಗಿ ಅದಲ್ಲ. ಹೊರಗೆ ಬಂದು ಕೈ ಒರೆಸಿಕೊಂಡೆ.

"ಬ್ರಾನ್ವಿನ್ ಅವ್ರೇ, ಒಂದು ಚಕ್ರ ಬಿಚ್ಚಬೇಕಿತ್ತು."

"ತಗೊಂಡ್ ಬನ್ನಿ, ಬಿಚ್ಚೋಣ."

"ತರೋಕಾಗಲ್ಲ. ನಟ್ಟು ಬಿಡ್ತಾ ಇಲ್ಲ." ಸ್ವಲ್ಪ ತಡೆದು ಅಂದ, "ನಟ್ಟು ಬಿಚ್ಚೋ ಆ ಗನ್ ಮಾತ್ರ ಬೇಡ. ಆ ಸದ್ದು ಬೇಡ. ಕೈಯಲ್ಲೇ ಆಗುತ್ತಾ?"

"ಕೈಯಲ್ಲಾ? ನಾನೇನು ಬನ್ನಿನ ಹಿಟ್ಟು ನಾದ್ತಾ ಇದೀನಿ ಅಂದ್ಕೊಂಡ್ರಾ?"

ಅವನು ನಗಲಿಲ್ಲ. ನಾಲ್ಕು ವರ್ಷದಿಂದ ವಿಲ್ಕಾರೂ ಊರಿನಲ್ಲಿ ಅವನು ನಕ್ಕದ್ದನ್ನು ಯಾರೂ ನೋಡಿರಲಿಲ್ಲ.

"ಲಿನೆಟ್ ಕಾರು," ಅಂದ. ಲಿನೆಟ್ ಅವನ ಹೆಂಡತಿ, ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ನಾನು ಪಾನಾ ಕೆಳಗಿಟ್ಟೆ. "ಭಾನುವಾರ ಮಧ್ಯಾಹ್ನ ಬರ್ತೀನಿ," ಅಂದೆ. ಭಾನುವಾರ ನಾನು ಯಾರ ಕೆಲಸವನ್ನೂ ಮಾಡುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ.

*

ಅವನ ಮನೆಯ ಹಿಂದೆ ತಗಡಿನ ಶೆಡ್ಡು. ಬಾಗಿಲು ಸರಿಸಿದ ಕೂಡಲೇ ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಹಳೆಯ ಎಣ್ಣೆ, ಧೂಳು, ಎಲ್ಲೋ ಅಡಿಯಲ್ಲಿ ಸಣ್ಣಗೆ ಲ್ಯಾವೆಂಡರ್ ವಾಸನೆ.

ತಿಳಿ ಹಸಿರು ಬಣ್ಣದ ವೇಲಿಯಂಟ್, ಅರವತ್ತಾರರ ಮಾಡೆಲ್. ಲಿನೆಟ್‌ಗೆ ಅವಳ ಅಪ್ಪ ಬಿಟ್ಟುಹೋದ ಕಾರು. ಎಡಗಡೆಯ ಹಿಂದಿನ ಟೈರು ಕೊಳೆತು ಪೂರ್ತಿ ಕೂತುಬಿಟ್ಟಿತ್ತು. ಇಡೀ ಕಾರು ಆ ಮೂಲೆಗೆ ವಾಲಿಕೊಂಡು, ಒಂದು ಕಾಲಿನ ಮೇಲೆ ಭಾರ ಹಾಕಿ ಯಾರನ್ನೋ ಕಾಯುತ್ತ ನಿಂತಂತಿತ್ತು.

ಸ್ಟೀರಿಂಗಿನ ಮೇಲೆ ಕಪ್ಪು ಬೆರಳಚ್ಚುಗಳು. ಗ್ರೀಸಿನವು. ಹೆಂಗಸಿನ ಸಣ್ಣ ಬೆರಳುಗಳು. ಅವನು ಅವನ್ನು ಒರೆಸಿರಲಿಲ್ಲ.

"ಇದು ಸ್ಟೆಪ್ನಿ," ಅಂದ ಕ್ಲೆಮ್, ಆ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು. "ಅವತ್ತು ಮೆಣಸಿನ ಮರದ ಕ್ರಾಸಿಂಗಿನ ಹತ್ರ ಪಂಕ್ಚರ್ ಆಯ್ತಲ್ಲ, ಆಗ ಅವಳೇ ಹಾಕಿದ್ದು. ಅವಳ ಕೈಯಲ್ಲಾದ ಕೊನೇ ಕೆಲಸ. ಟ್ರಾಕ್ಟರಿನ ಗಾರ್ತ್ ಬಂದು ಪಾನಾಗೆ ಪೈಪ್ ಸಿಕ್ಕಿಸಿ ಎಳೆದ. ಫುಟ್‌ಬಾಲ್ ಹುಡುಗರು ಇಬ್ಬಿಬ್ರು ಹತ್ತಿ ನಿಂತ್ರು. ನಾನಂತೂ ಪ್ರತಿ ವರ್ಷ ಆ ದಿನ ಬಂದು ಮೈಭಾರ ಎಲ್ಲಾ ಹಾಕ್ತೀನಿ. ಅವಳು ಬಿಡ್ತಾ ಇಲ್ಲ."

ನಟ್ಟು ಬಿಡುತ್ತಿಲ್ಲ ಅನ್ನಲಿಲ್ಲ. ಅವಳು ಬಿಡುತ್ತಿಲ್ಲ ಅಂದ.

ಅಷ್ಟರಲ್ಲಿ ಹಿಂದಿನಿಂದ ಸದ್ದಾಯಿತು. ಟಕ್. ಟಕ್.

ತಿರುಗಿ ನೋಡಿದೆ. ಗೋಡೆಯ ಮೊಳೆಯಲ್ಲಿ ಆ ಚಕ್ರದ ಹೊಳಪಿನ ಮುಚ್ಚಳ, ವೀಲ್ ಕ್ಯಾಪ್, ತಂತಿಯಲ್ಲಿ ನೇತಾಡುತ್ತಿತ್ತು. ಗಾಳಿಗೆ ತಗಡಿನ ಗೋಡೆಯನ್ನು ಮೆಲ್ಲಗೆ ತಟ್ಟುತ್ತಿತ್ತು. ಅದರೊಳಗೆ ಧೂಳಿನ ಹಿಂದೆ ನನ್ನ ಮುಖ ಉದ್ದಕ್ಕೆ, ಯಾರದೋ ಮುಖದ ಹಾಗೆ ಕಂಡಿತು.

"ಹಿಂದಿನ ಸೀಟಲ್ಲಿ ಬಿದ್ದಿತ್ತು. ಅವತ್ತು ಬಂದವರಲ್ಲಿ ಯಾರೋ ಎತ್ತಿ ಅಲ್ಲಿಗೆ ಹಾಕಿದ್ರು. ನಾನು ಮುಟ್ಟೋಕೆ ಹೋಗಿಲ್ಲ," ಅಂದ.

"ಈಗ ಯಾಕೆ ಬಿಚ್ಚಬೇಕು?"

"ಆ ಕ್ರಾಸಿಂಗಿಗೆ ಒಂದ್ಸಲ ಹೋಗ್ಬೇಕು. ಅವಳ ಕಾರಲ್ಲೇ. ಅವತ್ತು ಬಾ ಅಂದಿದ್ಲು. ನಾನು ಹೋಗ್ಲಿಲ್ಲ."

ನಾನು ಬೋರಲಾಗಿ ಮಲಗಿ, ಬೋಲ್ಟೊಂದರ ತುದಿಗೆ ಅಂಟಿದ್ದ ಕೊಳೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದೆ. ಅಡಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಕಂಡಿತು. ಎಲ್.

ಎಲ್ ಅಂದರೆ ಲೆಫ್ಟು. ಹಳೆಯ ಲಾರಿಗಳಲ್ಲಿ, ಆ ಕಾಲದ ವೇಲಿಯಂಟ್‌ಗಳಲ್ಲಿ ಬಲಗಡೆಯ ನಟ್ಟುಗಳು ಎಲ್ಲ ನಟ್ಟುಗಳಂತೆಯೇ, ಎಡಗಡೆಯವು ಉಲ್ಟಾ. ಅವನ್ನು ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಹೇಳಿಕೊಟ್ಟಿದ್ದ. ಈಗಿನವರಿಗೆ ಗೊತ್ತಿಲ್ಲ. ನಾಲ್ಕು ವರ್ಷದಿಂದ ಊರಿನ ಗಂಡಸರೆಲ್ಲ ಸರದಿಯ ಮೇಲೆ ಬಂದು, ಬೆವರು ಸುರಿಸಿ, ಆ ಐದು ನಟ್ಟುಗಳನ್ನು ಬಿಗಿ ಮಾಡಿ ಹೋಗಿದ್ದರು. ಬೋಲ್ಟು ಮುರಿಯದೆ ಉಳಿದದ್ದೇ ಹೆಚ್ಚು.

ಹೇಳಿಬಿಡಬೇಕೆಂದು ತಲೆ ಎತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ. ಡಾಕ್ಟರು ಹೊರಗೆ ಬಂದಾಗ ಬಾಗಿಲಲ್ಲಿ ಕಾದು ನಿಂತವರು ನೋಡುತ್ತಾರಲ್ಲ, ಹಾಗೆ.

"ಏನಾದ್ರೂ ಹೇಳ್ತಾ ಇದಾಳಾ?" ಎಂದು ಕೇಳಿದ.

ನಾನು ಮತ್ತೆ ಬೋಲ್ಟಿನ ಕಡೆ ತಿರುಗಿದೆ.

"ಗಟ್ಟಿಯಾಗಿದೆ," ಅಂದೆ. "ಎಣ್ಣೆ ಬಿಟ್ಟು ಹೋಗ್ತೀನಿ, ಇಳೀಲಿ. ಮುಂದಿನ ಭಾನುವಾರ ನೋಡೋಣ."

ಟಕ್, ಎಂದಿತು ಗೋಡೆ.

*

ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ ಎರಡು ಉತ್ತರ ಇವೆ. ಒಂದು, ಹೆಂಡತಿ ಇನ್ನೂ ತನ್ನ ಕೈ ಹಿಡಿದುಕೊಂಡಿದ್ದಾಳೆ ಎಂದು ನಂಬಿದವನಿಗೆ, ಅದು ಕೈಯಲ್ಲ ಮಾರಾಯ, ಉಲ್ಟಾ ನಟ್ಟು ಎಂದು ಹೇಳಲು ನನ್ನಿಂದಾಗಲಿಲ್ಲ. ಇದು ಒಳ್ಳೆಯ ಉತ್ತರ.

ಎರಡನೆಯದು, ನನಗೆ ಮುಂದಿನ ಭಾನುವಾರ ಬೇಕಾಗಿತ್ತು.

ನನಗೆ ನಲವತ್ತಾರು. ಹದಿನೈದು ವರ್ಷ ಅಪ್ಪನ ಜೊತೆ, ಆಮೇಲೆ ಒಬ್ಬಳೇ, ಊರಿನ ಚಕ್ರಗಳನ್ನೆಲ್ಲ ಬಿಚ್ಚಿ ಹಾಕಿದ್ದೇನೆ. ಮದುವೆ ಆಗುವಷ್ಟು ಬಿಡುವು ಸಿಗಲಿಲ್ಲ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಏನೆಂದರೆ, ಇಪ್ಪತ್ತು ವರ್ಷದಿಂದ ನಾನು ಬೆಳಿಗ್ಗೆ ಬೇಕರಿಗೆ ಹೋಗುವ ಮುಂಚೆ ಮಾತ್ರ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಲಿನೆಟ್ ಬದುಕಿದ್ದಾಗ ಅದು ತಪ್ಪು ಎಂದು ಗೊತ್ತಿತ್ತು. ಅವಳು ಸತ್ತ ಮೇಲೆ ಇನ್ನೂ ದೊಡ್ಡ ತಪ್ಪಿನಂತೆ ಕಂಡಿತು. ಬದುಕಿರುವ ಹೆಂಡತಿಯ ಜೊತೆ ಪೈಪೋಟಿಗಾದರೂ ಇಳಿಯಬಹುದು. ಸತ್ತವಳಿಗೆ ವಯಸ್ಸಾಗುವುದಿಲ್ಲ, ಸಿಟ್ಟು ಬರುವುದಿಲ್ಲ, ಅವಳು ಒಂದು ದಿನವೂ ಬನ್ನು ಸೀದುಹೋಗಿದೆ ಎಂದು ಬೈಯುವುದಿಲ್ಲ.

ಹಾಗೆ ಭಾನುವಾರಗಳು ಶುರುವಾದವು. ನಾನು ಎಣ್ಣೆ ಬಿಡುತ್ತಿದ್ದೆ, ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದೆ, ಪಾನಾ ಸಿಕ್ಕಿಸಿ ತಪ್ಪು ಕಡೆಗೆ, ಬಲವೇ ಹಾಕದೆ, ಮುಖ ಮಾತ್ರ ಕೆಂಪು ಮಾಡಿಕೊಂಡು ಎಳೆಯುತ್ತಿದ್ದೆ. ಕ್ಲೆಮ್ ಒಂದು ಹಳೆಯ ಹಾಲಿನ ಕ್ರೇಟಿನ ಮೇಲೆ ಕೂತು ನೋಡುತ್ತಿದ್ದ.

"ಸ್ವಲ್ಪ ಅಲ್ಲಾಡ್ತಾ?"

"ಅಲ್ಲಾಡಿದ್ದು ನನ್ನ ಬೆನ್ನು ಮೂಳೆ."

ಮೂರನೆಯ ವಾರ ಅವನು ನಕ್ಕ. ದೊಡ್ಡ ನಗುವೇನಲ್ಲ, ತುಟಿಯ ಎಡ ಮೂಲೆ ಮಾತ್ರ ಸ್ವಲ್ಪ ಮೇಲೆ ಹೋಗಿ, ತನಗೇ ಗಾಬರಿಯಾದಂತೆ ಕೆಳಗಿಳಿಯಿತು. ಆಮೇಲೆ ಅವನು ತಕ್ಷಣ ಕಾರಿನ ಕಡೆ ನೋಡಿದ. ನಾನೂ ನೋಡಿದೆ. ಇಬ್ಬರೂ ಸಿಕ್ಕಿಬಿದ್ದವರ ಹಾಗೆ ಕಣ್ಣು ತಪ್ಪಿಸಿದೆವು.

ಅದೇ ದಿನ ಚಹಾ ಕೊಡುವಾಗ ಅಂದ, "ಸಕ್ಕರೆ ಎಷ್ಟು ನಿಂಗೆ?"

ನಿಮಗೆ ಅನ್ನುವುದು ನಿಂಗೆ ಆಗಿತ್ತು. ಅವನು ಗಮನಿಸಲಿಲ್ಲ. ನಾನು ಸಕ್ಕರೆ ಹಾಕಿಕೊಳ್ಳುವವಳಲ್ಲ. ಆದರೆ ಆ ಮಾತು ಇನ್ನೊಂದು ಸಲ ಕೇಳುವ ಆಸೆಗೆ ಎರಡು ಚಮಚ ಅಂದೆ.

"ಎರಡಾ? ನಿಂಗೆ?"

"ಹೂಂ. ಕಷ್ಟದ ಕೆಲಸ ನೋಡು."

ಮಾಂಸದ ಪೇಸ್ಟಿ, ಜಾಮ್ ಬನ್ನು, ಚಾಕಲೇಟಿನಲ್ಲಿ ಅದ್ದಿ ಕೊಬ್ಬರಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್, ಹೀಗೆ ಪ್ರತಿ ವಾರ ಒಂದೊಂದು. ಕಾಗದದ ಚೀಲದಿಂದ ತೆಗೆದು ನನ್ನ ಎಣ್ಣೆಗೈಗೆ ಕೊಡುವಾಗ ಅವನ ಬೆರಳು ತಾಗುತ್ತಿತ್ತು. ಒಲೆಯ ಮುಂದೆ ದುಡಿಯುವವನ ಬೆರಳು, ಸದಾ ಬೆಚ್ಚಗೆ. ತಾಗಿದಾಗಲೆಲ್ಲ ಮೊಳೆಯ ಮೇಲಿನ ವೀಲ್ ಕ್ಯಾಪ್ ಟಕ್ ಎನ್ನುತ್ತಿತ್ತು. ಗಾಳಿ ಇದ್ದಾಗ ಗಾಳಿ ಅಂದುಕೊಳ್ಳುತ್ತಿದ್ದೆ. ಗಾಳಿ ಇಲ್ಲದಾಗ ಬನ್ನು ಕೆಳಗಿಡುತ್ತಿದ್ದೆ.

ಗಾರ್ತ್ ತನ್ನ ಟ್ರಾಕ್ಟರಿನ ಟೈರು ಒಯ್ಯಲು ಬಂದವನು ಅಂಗಡಿಯಲ್ಲಿ ಕೇಳಿದ, "ಏನಮ್ಮಾ, ಐದು ನಟ್ಟಿಗೆ ಐದು ವಾರ! ನನ್ ಕೊಯ್ಲಿನ ಕಂಬೈನಿನ ಹತ್ತೂ ನಟ್ಟು ಕಾಲು ಗಂಟೇಲಿ ಬಿಚ್ಚಿದವಳು ನೀನೇ ತಾನೇ?"

"ನಿನ್ನ ಪೈಪಿನ ದೆಸೆಯಿಂದ ಇನ್ನೂ ಕೆಟ್ಟಿದೆ ಅದು. ಸುಮ್ನೆ ಹೋಗ್ತೀಯಾ?"

"ಹೋಗ್ತೀನಪ್ಪಾ. ಆದ್ರೆ ಬ್ರಾನ್, ಆ ಶರ್ಟ್ ಹೊಸದಾ?"

ಕೈಗೆ ಸಿಕ್ಕ ಗ್ರೀಸಿನ ಬಟ್ಟೆ ಅವನ ಮೇಲೆ ಎಸೆದೆ.

*

ಐದನೆಯ ಭಾನುವಾರ ನಾನು ಕೇಳದೆಯೇ ಕ್ಲೆಮ್ ಆ ಪಂಕ್ಚರಿನ ದಿನದ ಕತೆ ಹೇಳಿದ.

ಅವತ್ತು ನಲವತ್ಮೂರು ಡಿಗ್ರಿ. ಲಿನೆಟ್ ಪಕ್ಕದ ಊರಿನ ಕ್ರಿಕೆಟ್ ಮೈದಾನಕ್ಕೆ ಬನ್ನು ಕೊಟ್ಟು ಬರುತ್ತಿದ್ದಳು. ಕ್ರಾಸಿಂಗಿನಿಂದ ಫೋನ್ ಮಾಡಿದಳು. ಟೈರ್ ಹೋಯ್ತು, ಬರ್ತೀಯಾ? ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತಿದ್ದ ಅವನು ಸೋಫಾದಲ್ಲಿ ಬಿದ್ದುಕೊಂಡಿದ್ದ.

"ನಿಂಗೆ ಬರುತ್ತಲ್ಲ, ನೀನೇ ಹಾಕ್ಕೊಂಡ್ ಬಾ ಅಂದೆ. ಅವಳು ನಕ್ಳು. ಸರಿ ಸೋಮಾರಿ, ಅಂದ್ಲು. ಅಷ್ಟೇ."

ಕಾರು ಬಂದ ಸದ್ದು ಅವನಿಗೆ ಕೇಳಿಸಿತ್ತು. ಶೆಡ್ಡಿನ ಒಳಗೆ ನಿಂತದ್ದೂ ಕೇಳಿಸಿತ್ತು. ಅವಳು ಒಳಗೆ ಬರಲಿಲ್ಲ. ಕಣ್ಣು ಹತ್ತಿ, ಒಂದೂವರೆ ಗಂಟೆಯ ಮೇಲೆ ಅವನು ಎದ್ದು ಬಂದಾಗ ಲಿನೆಟ್ ಡ್ರೈವರ್ ಸೀಟಿನಲ್ಲೇ ಇದ್ದಳು. ಗ್ರೀಸಿನ ಕೈಗಳು ಮಡಿಲಲ್ಲಿ. ಹೃದಯ ನಿಂತಿತ್ತು.

"ಆ ಸೀಟಲ್ಲಿ ನಾನು ಇವತ್ತಿಗೂ ಕೂತಿಲ್ಲ," ಅಂದ. ವಾರಕ್ಕೊಮ್ಮೆ ಎಂಜಿನ್ ಕೆಡದಿರಲೆಂದು ಎಡಗಡೆಯ ಸೀಟಿನಿಂದಲೇ ಕೈ ಚಾಚಿ ಕೀ ತಿರುಗಿಸುತ್ತಿದ್ದನಂತೆ. "ಅವಳಿಗೆ ಸಿಟ್ಟು ಬ್ರಾನ್. ಅದಕ್ಕೇ ಹಿಡ್ಕೊಂಡಿದಾಳೆ. ಆ ನಟ್ಟು ಬಿಟ್ಟ ದಿನ ನನ್ನನ್ನ ಕ್ಷಮಿಸಿದ್ಲು ಅಂತ ಅಂದ್ಕೋತೀನಿ."

ನಾನು ಕೈಯಲ್ಲಿದ್ದ ಲ್ಯಾಮಿಂಗ್ಟನ್ ಕೆಳಗಿಟ್ಟೆ. ಐದು ವಾರದಿಂದ ಇವನ ಕ್ಷಮೆಯನ್ನು ನಾನು ನನ್ನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವನು ಬಿಡುಗಡೆಯಾಗುತ್ತಾನೆ, ನಾನು ಸುಳ್ಳಿಯಾಗುತ್ತೇನೆ. ಅವನಿಗಿಂತ ನನ್ನ ಭಾನುವಾರವೇ ನನಗೆ ಹೆಚ್ಚಾಯಿತು. ಇದನ್ನು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಆ ವಾರ ಪೂರ್ತಿ ಅಂಗಡಿಯಲ್ಲಿ ಏನು ಬಡಿದರೂ ಟಕ್ ಟಕ್ ಎಂದೇ ಕೇಳಿಸಿತು.

*

ಏಳನೆಯ ಭಾನುವಾರ ಉತ್ತರದ ಬಿಸಿಗಾಳಿ ಎದ್ದಿತ್ತು. ಶೆಡ್ಡಿನ ತಗಡೆಲ್ಲ ನರಳುತ್ತಿತ್ತು. ಕ್ಲೆಮ್ ಚಹಾ ತರಲು ಒಳಗೆ ಹೋಗಿದ್ದ. ನಾನು ಚಕ್ರದ ಮುಂದೆ ನೆಲದ ಮೇಲೆ ಕೂತು, ಪಾನಾ ಕೈಯಲ್ಲಿ ಹಿಡಿದು, ಸುಮ್ಮನಿದ್ದೆ.

ತಂತಿ ಹರಿಯಿತು. ವೀಲ್ ಕ್ಯಾಪ್ ನೆಲಕ್ಕೆ ಬಿದ್ದು, ಎದ್ದು, ಅಂಚಿನ ಮೇಲೆ ನಿಂತು ಉರುಳಿಕೊಂಡು ಬಂತು. ನೆಲ ಗೋಡೆಯ ಕಡೆಗೆ ಇಳಿಜಾರು. ಅದು ನನ್ನ ಕಡೆಗೆ ಬರಬೇಕಾಗಿರಲಿಲ್ಲ. ಬಂದು ನನ್ನ ಬೂಟಿಗೆ ತಾಗಿ, ಗಿರಗಿರ ಸುತ್ತಿ, ಅಂಗಾತ ಬಿತ್ತು.

ಒಳಭಾಗ ಮೇಲಾಗಿತ್ತು. ಅಲ್ಲಿ ಕೆಂಪು ಉಗುರುಬಣ್ಣದಲ್ಲಿ ದುಂಡಗೆ ಒಂದು ಬಾಣ, ಗಡಿಯಾರದ ಮುಳ್ಳಿನ ಕಡೆಗೆ ತಿರುಗಿದ್ದು. ಅದರ ಕೆಳಗೆ ಗುಂಡನೆಯ ಅಕ್ಷರಗಳು: ಕ್ಲೆಮ್, ಈ ಕಡೆಗೆ ಬಿಚ್ಚೋದು. ಮರೀಬೇಡ.



ಅವಳು ಹಿಡಿದುಕೊಂಡಿರಲಿಲ್ಲ. ಸಾಯುವುದಕ್ಕೂ ಎಷ್ಟೋ ಮುಂಚೆ, ಗಂಡನ ಮರೆವು ಗೊತ್ತಿದ್ದವಳು ಹೇಗೆ ಬಿಚ್ಚಬೇಕೆಂದು ಬರೆದಿಟ್ಟಿದ್ದಳು. ನಾಲ್ಕು ವರ್ಷದಿಂದ ಅದನ್ನೇ ಗೋಡೆಗೆ ಬಡಿದು ಬಡಿದು ಹೇಳುತ್ತಿದ್ದಳು. ಹಿಡಿದುಕೊಂಡಿದ್ದು ನಾನು.

ಅಡಿಗೆಮನೆಯ ಬಾಗಿಲು ಸದ್ದಾಯಿತು. ಈಗ ನಾನು ಮಾಡಿದ್ದು ಕೇಳಿ: ಎದ್ದು ಹೋಗಿ, ಹರಿದ ತಂತಿ ತಿರುಚಿ, ಅದನ್ನು ಮತ್ತೆ ಮೊಳೆಗೆ ಹಾಕಿದೆ. ಒಳಭಾಗ ಗೋಡೆಯ ಕಡೆಗೆ.

ಕ್ಲೆಮ್ ಬಂದು ಕಪ್ಪು ಕೊಟ್ಟ. ಎರಡು ಚಮಚ ಸಕ್ಕರೆ. ಕ್ರೇಟಿನ ಮೇಲೆ ಕೂತು ನನ್ನನ್ನು ನೋಡಿದ. "ಯಾಕೆ ಬ್ರಾನ್, ಮುಖ ಹೀಗಾಗಿದೆ?" ಎಂದು ಕೇಳಿ, ಕೈ ಮುಂದೆ ಮಾಡಿ, ನನ್ನ ಕೆನ್ನೆಯ ಮೇಲಿದ್ದ ಎಣ್ಣೆಯ ಕಲೆಯನ್ನು ಹೆಬ್ಬೆರಳಿನಿಂದ ಒರೆಸಿದ. ಇಪ್ಪತ್ತು ವರ್ಷದಿಂದ ಕಾದಿದ್ದ ಕೈ. ಆ ಕ್ಷಣಕ್ಕೆ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಟಕ್. ಟಕ್. ಟಕ್.

"ಕ್ಲೆಮ್," ಅಂದೆ, "ಆ ವೀಲ್ ಕ್ಯಾಪ್ ತೆಗೆದು ಹಿಂದೆ ನೋಡು."

ಅವನು ಎದ್ದು ಹೋಗಿ ತೆಗೆದ. ತಿರುಗಿಸಿದ. ಬೆರಳು ಆ ಬಾಣದ ಮೇಲೆ ಒಂದು ಸುತ್ತು ಹೋಯಿತು.

"ಹೇಳಿದ್ಲು," ಅಂದ. ಸ್ವರ ಅವನದಾಗಿರಲಿಲ್ಲ. "ಮದುವೆ ಆದ ವರ್ಷ. ಎಡಗಡೆದು ಉಲ್ಟಾ ಕಣೋ ಅಂತ ಏನೋ ಅಂದ್ಲು. ನಾನು ಕೇಳಿಸ್ಕೊಳ್ಳಲೇ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ಹಾಗಾದ್ರೆ ನಾವೆಲ್ಲ…"

"ಬಿಗಿ ಮಾಡ್ತಿದ್ರಿ. ಅವಳಲ್ಲ ಕ್ಲೆಮ್, ನೀನೇ. ಪ್ರತಿ ವರ್ಷ ಬಂದು ನೀನೇ ಬಿಗಿ ಮಾಡ್ತಿದ್ದೆ."

"ನಿಂಗೆ ಈಗ ಗೊತ್ತಾಯ್ತಾ?"

ಹೂಂ ಅಂದುಬಿಡಬಹುದಿತ್ತು. ಅವನು ನಂಬುತ್ತಿದ್ದ.

"ಮೊದಲ್ನೇ ದಿನಾನೇ ಗೊತ್ತಿತ್ತು. ಬೋಲ್ಟಿನ ಮೇಲೆ ಎಲ್ ಅಂತ ಇದೆ. ನಾನು ಹೇಳ್ಲಿಲ್ಲ."

"ಯಾಕೆ?"

"ಹೇಳಿದ್ರೆ ನೀನು ನನ್ನ ಮತ್ತೆ ಕರೀತಿರ್ಲಿಲ್ಲ. ನಾನು ನಿನ್ನ ಪ್ರೀತಿಸ್ತೀನಿ ಕ್ಲೆಮ್. ತುಂಬಾ ವರ್ಷ ಆಯ್ತು. ಅದಕ್ಕೇ."

ಬದುಕಿನಲ್ಲಿ ಒಂದೇ ಸಲ ಹೇಳುವ ಮಾತನ್ನು ಹೀಗೆ, ತಪ್ಪೊಪ್ಪಿಗೆಯ ಬಾಲಕ್ಕೆ ಕಟ್ಟಿ ಹೇಳಬೇಕಾಯಿತು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಏಳು ವಾರ," ಅಂದ. "ನೀನು ಹೋದ ಮೇಲೆ ಪ್ರತಿ ವಾರ ನಾನು ಇಲ್ಲಿ ಕೂತು ಅವಳನ್ನ ಬೇಡ್ಕೋತಿದ್ದೆ. ಇನ್ನೂ ಯಾಕೆ ಸಿಟ್ಟು, ಬಿಡು ಅಂತ. ನಟ್ಟು ಉಲ್ಟಾ ಅಂತ ಗೊತ್ತಿದ್ದೂ ನೀನು ಪಕ್ಕದಲ್ಲಿ ಕೂತು ಬನ್ ತಿಂತಿದ್ದೆ."

ನಾನು ಪಾನಾ, ಎಣ್ಣೆ, ಸುತ್ತಿಗೆ ಎಲ್ಲ ಚೀಲಕ್ಕೆ ಹಾಕಿಕೊಂಡೆ. ಉದ್ದನೆಯ ಪಾನಾ ಒಂದನ್ನು ಅಲ್ಲೇ ಚಕ್ರದ ಪಕ್ಕ ಬಿಟ್ಟೆ.

*

ಮೂರು ಭಾನುವಾರ ಕಳೆದವು. ಬೇಕರಿಗೆ ಹೋಗಲಿಲ್ಲ, ಗಾರ್ತ್ ಬ್ರೆಡ್ಡು ತಂದುಕೊಡುತ್ತಿದ್ದ. ಮೊದಲ ವಾರ ಕಿಚಾಯಿಸಿದ. ಎರಡನೆಯ ವಾರ ನನ್ನ ಮುಖ ನೋಡಿ ಬ್ರೆಡ್ಡು ಇಟ್ಟು ಹೋದ. ಹೊಸ ಶರ್ಟನ್ನು ಟೈರು ಒರೆಸುವ ಬಟ್ಟೆ ಮಾಡಿದೆ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಫೋನ್ ಬಂತು.

"ಬ್ರಾನ್." ಅವನು ಏದುತ್ತಿದ್ದ. "ನಾಲ್ಕು ಬಂತು. ಐದನೇದು ಬರ್ತಾ ಇಲ್ಲ. ಬರ್ತೀಯಾ?"

ನಿನಗೀಗ ಬರುತ್ತಲ್ಲ, ನೀನೇ ಬಿಚ್ಚು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ನನ್ನ ಬಾಯಿಯೇ ಹಾಗೆ. ಅದು ಅವತ್ತು ಕ್ಲೆಮ್ ಆಡಿದ್ದ ಮಾತು ಎಂದು ನೆನಪಾಗಿ ನುಂಗಿಕೊಂಡೆ. ಆ ಕ್ಷಣ ಶೆಡ್ಡಿನಲ್ಲಿ ಇನ್ನೊಬ್ಬರು ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

"ಬರ್ತೀನಿ," ಅಂದೆ. "ಈಗಲೇ ಬಂದೆ."

ಅವನ ಟೋಪಿಯೊಳಗೆ ನಾಲ್ಕು ನಟ್ಟುಗಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ವೀಲ್ ಕ್ಯಾಪನ್ನು ಬಾಣ ಕಾಣುವಂತೆ ಪಕ್ಕದಲ್ಲಿ ಒರಗಿಸಿಟ್ಟಿದ್ದ. ಇಬ್ಬರೂ ಏಳು ವಾರದ ಬಗ್ಗೆ ಏನೂ ಆಡಲಿಲ್ಲ. ಐದನೆಯದು ಗಾರ್ತ್ ಪೈಪು ಸಿಕ್ಕಿಸಿ ಎಳೆದಿದ್ದ ನಟ್ಟು. ಅದು ನಿಜಕ್ಕೂ ಸಿಕ್ಕಿಕೊಂಡಿತ್ತು.

ನಾನು ಸಣ್ಣ ಉರಿಯಿಂದ ನಟ್ಟನ್ನು ಕಾಯಿಸಿದೆ. ಆರಿದ ಮೇಲೆ ಎಣ್ಣೆ ಬಿಟ್ಟೆ. ಮತ್ತೆ ಕಾಯಿಸಿದೆ. ಉದ್ದನೆಯ ಪಾನಾ ಸಿಕ್ಕಿಸಿದೆ. "ಹಿಡ್ಕೋ," ಅಂದೆ.

ಅವನು ಹಿಡಿದ. ಅವನ ಕೈಯ ಪಕ್ಕ ನನ್ನ ಕೈ, ನನ್ನ ಕೈಯ ಪಕ್ಕ ಅವನ ಇನ್ನೊಂದು ಕೈ. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

"ಜೋರಾಗಿ ಎಳೀಬೇಡ. ಮೈಭಾರ ಬಿಡು, ಸಾಕು. ಈ ಕಡೆಗೆ."

"ಈ ಕಡೆಗೆ," ಅಂದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಸದ್ದು ಬಂತು. ತುಕ್ಕು ಹಿಡಿದ ನಟ್ಟು ಬಿಡುವಾಗ ಕಿರುಚುವುದನ್ನು ನಾನು ಸಾವಿರ ಸಲ ಕೇಳಿದ್ದೇನೆ. ಇದು ಹಾಗಿರಲಿಲ್ಲ. ತುಂಬ ಹೊತ್ತು ಉಸಿರು ಕಟ್ಟಿದವರು ಬಿಟ್ಟ ಹಾಗಿತ್ತು. ಪಾನಾ ಸರ್ರನೆ ತಿರುಗಿ, ಇಬ್ಬರೂ ಮುಗ್ಗರಿಸಿ ಮೊಣಕಾಲೂರಿದೆವು.

ಕ್ಲೆಮ್ ಆ ಬಿಸಿ ಚಕ್ರಕ್ಕೆ ಹಣೆ ಹಚ್ಚಿ ಅತ್ತ. ನಾನು ಅವನ ಬೆನ್ನು ಮುಟ್ಟಲಿಲ್ಲ. ಅದು ಲಿನೆಟ್‌ಳ ಹೊತ್ತು.

ಆಮೇಲೆ ಹೊಸ ಟೈರು ಹಾಕಿದ ಚಕ್ರ ಕೂಡಿಸಿದೆವು. ಬಿಗಿ ಮಾಡಿದ್ದು ಅವನೇ. ವೀಲ್ ಕ್ಯಾಪ್ ತಟ್ಟಿ ಕೂರಿಸಿದ್ದೂ ಅವನೇ. ಬಾಣ ಒಳಗೆ ಹೋಯಿತು. ಕಾರು ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತಿತು.

"ನೀನೂ ಬಾ," ಅಂದ.

"ಇಲ್ಲ. ಅಲ್ಲಿ ನಂಗೇನು ಕೆಲಸ? ನಿಮ್ಮಿಬ್ಬರ ಮಾತು ಅದು." ನಾನು ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳಿದೆ: "ಐವತ್ತು ಕಿಲೋಮೀಟರ್ ಓಡಿಸಿ ವಾಪಸ್ ಬಾ. ನಟ್ಟು ಇನ್ನೊಂದ್ಸಲ ನೋಡ್ಬೇಕು. ಹೊಸದಾಗಿ ಹಾಕಿದ್ದು ಸ್ವಲ್ಪ ಸಡಿಲ ಆಗುತ್ತೆ."

ಕ್ರಾಸಿಂಗು ಅಲ್ಲಿಂದ ಇಪ್ಪತ್ತೈದು ಕಿಲೋಮೀಟರು. ಅವನಿಗೂ ಗೊತ್ತಿತ್ತು.

ಡ್ರೈವರ್ ಸೀಟಿನ ಬಾಗಿಲು ತೆರೆದು ಅವನು ತುಂಬಾ ಹೊತ್ತು ನಿಂತ. ಆಮೇಲೆ ಕೂತ. ಆ ಸಣ್ಣ ಕಪ್ಪು ಬೆರಳಚ್ಚುಗಳ ಮೇಲೆ ತನ್ನ ಕೈ ಇಟ್ಟ. ಕಾರು ನಾಲ್ಕು ವರ್ಷದ ಮೇಲೆ ಬಿಸಿಲಿಗೆ ಹೊರಟಿತು.

ಖಾಲಿ ಶೆಡ್ಡಿನಲ್ಲಿ ನಾನೊಬ್ಬಳೇ ಉಳಿದೆ. ಗೋಡೆಯ ಮೇಲೆ ಬರೀ ಮೊಳೆ.

ಟಕ್, ಎಂದಿತು.

ಗಾಳಿ ಇರಲಿಲ್ಲ. ಮೊಳೆಯಲ್ಲಿ ಏನೂ ಇರಲಿಲ್ಲ. ನನಗೆ ಓಡಿಹೋಗಬೇಕು ಅನ್ನಿಸಲಿಲ್ಲ.

"ಕಳಿಸಿದ್ದೀನಿ ಲಿನೆಟ್," ಅಂದೆ. "ನಿನ್ನ ಹತ್ರಾನೇ ಬರ್ತಾ ಇದ್ದಾನೆ. ಇಟ್ಕೊಳ್ಳೋದಾದ್ರೆ ಇಟ್ಕೋ. ನಾನು ಕೇಳಲ್ಲ. ಕದ್ದು ಇಟ್ಕೊಂಡಿದ್ದಕ್ಕೆ ನನ್ನ ಕ್ಷಮಿಸು."

ಶೆಡ್ಡಿನ ಬಾಗಿಲು ಎಳೆದು ಅಂಗಡಿಗೆ ಬಂದೆ.

*

ಹೋಗಿ ಬರಲು ಒಂದು ಗಂಟೆಯ ದಾರಿ. ಎರಡು ಗಂಟೆ ಆಯಿತು. ಇಪ್ಪತ್ತು ವರ್ಷ ಸುಮ್ಮನೆ ಕಾದವಳಿಗೆ ಆ ಎರಡು ಗಂಟೆ ಕಾಯಲಾಗಲಿಲ್ಲ. ಟೈರು ಜೋಡಿಸಿದೆ, ಮತ್ತೆ ಕೆಡವಿ ಜೋಡಿಸಿದೆ. ಅವಳ ಸೀಟು, ಅವಳ ಕೈಗುರುತು, ಅವಳು ಕಾದಿದ್ದ ಜಾಗ. ಅಲ್ಲಿಂದ ಅವನು ಯಾಕೆ ವಾಪಸ್ ಬರಬೇಕು ಎಂದು ನನಗೆ ಒಂದು ಕಾರಣವೂ ಹೊಳೆಯಲಿಲ್ಲ.

ಬಿಸಿಲು ಹಳದಿಯಾಗಿ ಧಾನ್ಯದ ಸೈಲೋಗಳ ನೆರಳು ರಸ್ತೆ ದಾಟಿದ ಹೊತ್ತಿಗೆ ತಿಳಿ ಹಸಿರು ಕಾರು ಬಂದು ಅಂಗಡಿಯ ಮುಂದೆ ನಿಂತಿತು.

ಕ್ಲೆಮ್ ಇಳಿದ. ಬೂಟಿಗೆ ಕೆಂಪು ಮಣ್ಣು. ಕೈಯಲ್ಲಿ ಬಿಸಿಲಿಗೆ ಬಿಳುಚಿದ ಒಂದು ಮೊಳದ ಹಲಗೆ.

"ಇನ್ನೂ ಅಲ್ಲೇ ಇತ್ತು," ಅಂದ. "ಮಣ್ಣಲ್ಲಿ ಹೂತುಕೊಂಡು. ಜಾಕ್ ಇಳೀದಿರ್ಲಿ ಅಂತ ಅದರ ಕೆಳಗೆ ಇಟ್ಟಿದ್ಲು. ಮೇಲೆ ದುಂಡಗೆ ಗುರುತಿದೆ, ನೋಡು. ನೆರಳು ನೋಡ್ಕೊಂಡು ನಿಲ್ಲಿಸಿದಾಳೆ, ಹಲಗೆ ಹಾಕಿದಾಳೆ. ಎಷ್ಟು ನೀಟಾಗಿ ಮಾಡಿದಾಳೆ ಬ್ರಾನ್, ಒಬ್ಳೇ." ಹಲಗೆಯನ್ನು ಹೆಬ್ಬೆರಳಿನಿಂದ ಒರೆಸಿದ. "ತಡವಾಗಿ ಬಂದೆ ಅಂತ ಹೇಳಿದೆ ಅವಳಿಗೆ. ಸುಮಾರು ಹೊತ್ತು ಕೂತಿದ್ದೆ. ಸಿಟ್ಟಿದ್ದಂಗೆ ಕಾಣ್ಲಿಲ್ಲ."

ನಾನು ಆ ದುಂಡನೆಯ ಗುರುತನ್ನು ಮುಟ್ಟಿ ನೋಡಿದೆ.

"ನಿನ್ನ ಮೇಲೆ ನಂಗಿನ್ನೂ ಸಿಟ್ಟಿದೆ," ಅಂದ.

"ಇರ್ಲಿ. ಇರ್ಬೇಕು."

"ಏಳು ವಾರದ್ದು. ಬೇಗ ಹೋಗಲ್ಲ ಅದು." ಅವನ ತುಟಿಯ ಎಡ ಮೂಲೆ ಸ್ವಲ್ಪ ಮೇಲೆ ಹೋಯಿತು. ಈ ಸಲ ಅವನು ಕಾರಿನ ಕಡೆ ತಿರುಗಿ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. "ಮೀಟರಲ್ಲಿ ಮೂವತ್ತೊಂದು ಮೈಲಿ ಆಗಿದೆ. ಕಿಲೋಮೀಟರ್ ಲೆಕ್ಕದಲ್ಲಿ ಐವತ್ತು. ನಟ್ಟು ನೋಡ್ಬೇಕು ಅಂದಿದ್ಯಲ್ಲ?"

ನಾನು ಪಾನಾ ತೆಗೆದುಕೊಂಡು ಎಡಗಡೆಯ ಹಿಂದಿನ ಚಕ್ರದ ಮುಂದೆ ಮೊಣಕಾಲೂರಿದೆ. ವೀಲ್ ಕ್ಯಾಪ್ ತೆಗೆದು ಪಕ್ಕಕ್ಕಿಟ್ಟು, ಒಂದೊಂದೇ ನಟ್ಟು ಮುಟ್ಟಿ ನೋಡಿದೆ. ಒಂದೂ ಸಡಿಲವಾಗಿರಲಿಲ್ಲ. ಕಣ್ಣು ಮಂಜಾಗಿದ್ದರಿಂದ ಎರಡೆರಡು ಸಲ ನೋಡಬೇಕಾಯಿತು.

"ಹೇಗಿದೆ?" ಎಂದು ಕೇಳಿದ, ನನ್ನ ಪಕ್ಕ ಕೂತು.

ಈ ಸಲ ನಾನು ನಿಜ ಹೇಳಿದೆ.

"ಸರಿಯಾಗಿದೆ ಕ್ಲೆಮ್. ಇದಕ್ಕೋಸ್ಕರ ನೀನು ಮತ್ತೆ ಬರಬೇಕಾಗಿಲ್ಲ."

ಅವನು ವೀಲ್ ಕ್ಯಾಪ್ ಎತ್ತಿಕೊಂಡು, ಆ ಕೆಂಪು ಬಾಣವನ್ನು ಒಂದು ಸಲ ನೋಡಿ, ಜಾಗಕ್ಕೆ ತಟ್ಟಿ ಕೂರಿಸಿದ.

"ಗೊತ್ತು," ಅಂದ. "ಭಾನುವಾರ ಪೇಸ್ಟಿ ತರ್ತೀನಿ. ಚಹಾಕ್ಕೆ ಸಕ್ಕರೆ ಎಷ್ಟು ನಿಂಗೆ, ನಿಜ ಹೇಳು."

"ಬೇಡ," ಅಂದೆ. "ನಾನು ಸಕ್ಕರೆ ಹಾಕ್ಕೊಳ್ಳಲ್ಲ."